ಒಂದನೇ ಪ್ರತಿವಾದಿ ಕುಳ್ಳಯ್ಯ

ಸಕಲೇಶಪುರ
22 ಜನವರಿ 2025

ಅಖಂಡ ಕುಂದೂರು ಹೋಬಳಿಯ ಕೀರ್ತಿಪತಾಕೆ, ದೇವೀರಪ್ಪನವರ ಜ್ಯೇಷ್ಠ ಪುತ್ರಿ, ಧಾರವಾಡದ ಲೇಡೀಸ್ ಹಾಸ್ಟೆಲಿನ ಎರಡನೇ ಮಹಡಿ ಹದಿನಾಲ್ಕನೇ ಕೋಣೆಯ ಕಿಟಕಿಪಕ್ಕದ ಮಂಚಕ್ಕೆ ಅಧೀಶ್ವರಿ, ಸಿವಿಲ್ ನ್ಯಾಯಾಧೀಶರ ಪರೀಕ್ಷೆಯ ಮೇಲೆ ಎರಡು ಬಾರಿ ದಂಡೆತ್ತಿ ಹೋಗಿ ಗೌರವಯುತವಾಗಿ ಹಿಂತಿರುಗಿ ಮೂರನೇ ದಂಡಯಾತ್ರೆಗೆ ಸಜ್ಜಾಗಿರುವ ಭಾವೀ ನ್ಯಾಯಮೂರ್ತಿ ಕುಮಾರಿ ಸ್ನೇಹಾ ಅವರ ದಿವ್ಯ ಸನ್ನಿಧಾನಕ್ಕೆ,

ಸಕಲೇಶಪುರದ ಜೀಪು ಅಸಾದುಲ್ಲಾ ಸಾಹೇಬರ ಕಿರಿಮಗ, ತಮ್ಮ ಕಾಲೇಜಿನ ಹಿಂದಿನ ಬೆಂಚಿನ ಸಹಪಾಠಿ, ಹದಿನಾಲ್ಕು ತಿಂಗಳು ಪ್ರಾಯದ ವಕೀಲ ಅಯಾಜ್ ಮಾಡುವ ವಿಜ್ಞಾಪನೆ ಏನೆಂದರೆ:

ಕೋಚಿಂಗಿನವರು ತಮ್ಮ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುವುದರಿಂದ, ನಾನು ನನ್ನ ವೃತ್ತಿಜೀವನದ ವರದಿಯನ್ನು ಶಿಲಾಯುಗದ ಪದ್ಧತಿಯಲ್ಲಿ, ಅಂಚೆಯ ಮೂಲಕ ಸಲ್ಲಿಸುತ್ತಿದ್ದೇನೆ. ಹದಿನಾಲ್ಕು ತಿಂಗಳಲ್ಲಿ ನ್ಯಾಯಪೀಠದ ಮುಂದೆ ನಾನು ಮಂಡಿಸಿರುವ ವಾದಗಳು ಒಟ್ಟು ಮೂರು. ಒಂದು, 'ಹಾಜರ್ ಸರ್.' ಎರಡು, 'ಸೀನಿಯರ್ ಬರ್ತಿದಾರೆ ಸರ್.' ಮೂರು, 'ಸ್ವಲ್ಪ ಸಮಯ ಕೊಡಬೇಕು ಸರ್.' ನನ್ನ ಸೀನಿಯರ್ ಮಹೇಶ್ ಸರ್ ಆಲೂರು ಕೋರ್ಟಿನಲ್ಲಿರುವಾಗ ಇಲ್ಲಿ ಅವರ ಹೆಸರಿಗೆ ನಾನು ಹಾಜರ್. ಕಕ್ಷಿದಾರ ತೋಟದಲ್ಲಿ ಕಾಫಿ ಕೊಯ್ಯುತ್ತಿರುವಾಗ ಅವನ ಹೆಸರಿಗೂ ನಾನು ಹಾಜರ್. ಇಲ್ಲದವರ ಪರವಾಗಿ ಇದ್ದೇನೆ ಎನ್ನುವುದೇ ಜೂನಿಯರ್ ಕೆಲಸ. ಅಬ್ಬಾ ಮೊನ್ನೆ ಕೇಳಿದರು: "ಕೋಟು ಹಾಕ್ಕೊಂಡು ಹೋಗ್ತೀಯಲ್ಲೋ, ಅಲ್ಲಿ ಮಾತಾಡ್ತೀಯೋ, ಬರೀ ನಿಂತಿರ್ತೀಯೋ? ನಿಂತಿರೋದಕ್ಕೆ ನಮ್ಮ ಹಳೇ ಜೀಪೇ ಸಾಕಾಗಿತ್ತು."

ಈ ಅವಮಾನದ ನಡುವೆ ನನಗೆ ನನ್ನ ಮೊದಲ ಸ್ವಂತ ಕೇಸು ಬಂದಿದೆ. ವಕಾಲತ್ತಿನಲ್ಲಿ ನನ್ನ ಹೆಸರೇ ಇದೆ. ಆದ್ದರಿಂದ ತಾವು ಎದ್ದು ನಿಂತು ಓದತಕ್ಕದ್ದು.

ಬಿಸಿಲೆಯ ಕುಳ್ಳಯ್ಯ ಎಂಬಾತ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದ. 2017ರ ಜನವರಿಯ ಒಂದು ಬೆಳಗ್ಗೆ ಬುತ್ತಿ ಕಟ್ಟಿಕೊಂಡು, ಕತ್ತಿ ಹಿಡಿದು ಕಾಡಿನೊಳಗೆ ಹೋದವನು ಹೊರಗೆ ಬರಲಿಲ್ಲ. ಹುಡುಕದ ಹಳ್ಳವಿಲ್ಲ. ಬುತ್ತಿಯೂ ಸಿಗಲಿಲ್ಲ, ಕತ್ತಿಯೂ ಸಿಗಲಿಲ್ಲ. ಏಳು ವರ್ಷ ಸುಳಿವಿಲ್ಲದವನನ್ನು ಸತ್ತವನೆಂದೇ ಭಾವಿಸಬೇಕೆಂದು ಕಾನೂನು ಹೇಳುವುದು ತಮಗೆ ಬಾಯಿಪಾಠ. ಹೆಂಡತಿ ವಿಶಾಲಮ್ಮ ಹಾಗೆ ಘೋಷಿಸಿ ಎಂದು ದಾವೆ ಹೂಡಿದ್ದಾರೆ. ಡಿಕ್ರಿ ಸಿಕ್ಕರೆ ಮಗಳು ವಾಣಿಗೆ ಅನುಕಂಪದ ಮೇಲೆ ಅಪ್ಪನ ಇಲಾಖೆಯಲ್ಲಿ ಕೆಲಸ. ಏಪ್ರಿಲ್ ಮುಗಿಯುವುದರೊಳಗೆ ಡಿಕ್ರಿಯ ಪ್ರತಿ ಕೊಡದಿದ್ದರೆ ಜಾಗ ಬೇರೆಯವರಿಗೆ. ಹುಡುಗಿ ಡಿಗ್ರಿ ಮುಗಿಸಿ ಏಲಕ್ಕಿ ಬಿಡಿಸಲು ಹೋಗುತ್ತಿದ್ದಾಳೆ.

ಮಹೇಶ್ ಸರ್ ಪದ್ಧತಿ ನಿನಗೆ ಗೊತ್ತಲ್ಲ. ಕಾಣೆಯಾದವನನ್ನೇ ಒಂದನೇ ಪ್ರತಿವಾದಿ ಮಾಡಿಸಿದರು. "ಸತ್ತಿದಾನೆ ಅಂತ ನಾವು ಹೇಳ್ತೀವಿ. ಇಲ್ಲ ಅನ್ನೋದಾದ್ರೆ ಬಂದು ಹೇಳ್ಲಿ. ಒಂದು ಅವಕಾಶ ಕೊಡದೆ ಯಾರನ್ನೂ ಸಾಯಿಸಬಾರದು ಕಣಯ್ಯಾ" ಎಂದರು. ಆಮೇಲೆ ನನ್ನ ಬೆನ್ನು ತಟ್ಟಿ, "ಎದುರು ಪಾರ್ಟಿನೇ ಇಲ್ಲ. ಇದನ್ನೂ ಸೋತ್ಯೋ, ಜೀಪು ಓಡ್ಸೋಕೆ ಹೋಗು" ಎಂದು ಆಶೀರ್ವದಿಸಿದರು. ಪೇಪರಿನಲ್ಲಿ ಪ್ರಕಟಣೆ ಕೊಟ್ಟೆವು. ನಿನ್ನೆ ಅವನನ್ನು ಕೋರ್ಟಿನ ಬಾಗಿಲಲ್ಲಿ ಮೂರು ಸಲ ಕೂಗಬೇಕಿತ್ತು. ಯಾರೂ ಬರುವುದಿಲ್ಲ, ಗೈರುಹಾಜರಿ ಎಂದು ಬರೆಯುತ್ತಾರೆ, ಕೇಸು ಮುಂದಕ್ಕೆ ಹೋಗುತ್ತದೆ.

ಕೂಗುವವನು ನಮ್ಮ ಜವಾನ ಲಕ್ಕಯ್ಯ. ಆ ಗಂಟಲಿಗೆ ಹೇಮಾವತಿಯ ಆಚೆ ದಡದ ನಾಯಿಗಳೂ ಎದ್ದು ನಿಲ್ಲುತ್ತವೆ. ನಾನು ಆಗ ಒಳಗಿರಲಿಲ್ಲ. ಪ್ರಕಟಣೆಯ ಜೆರಾಕ್ಸಿಗೆಂದು ಹೋಗಿದ್ದವನು ವರಾಂಡದ ಕೊನೆಯಲ್ಲಿ, ದಾಖಲೆ ಕೋಣೆಯ ಮೂಲೆಯಲ್ಲಿದ್ದೆ. ಹನ್ನೊಂದು ಗಂಟೆಯಾದರೂ ಮಂಜು ಕರಗಿರಲಿಲ್ಲ. ಮೆಟ್ಟಿಲು ಕಾಣುತ್ತಿತ್ತು, ಗೇಟು ಕಾಣುತ್ತಿರಲಿಲ್ಲ.

"ಒಂದನೇ ಪ್ರತಿವಾದೀ... ಬಿಸಿಲೆ ಕುಳ್ಳಯ್ಯಾ..."

ಎರಡು ಸಲ ಆಯಿತು. ಮೂರನೇ ಸಲ ಕೂಗಿ ಮುಗಿಯುವಷ್ಟರಲ್ಲಿ, "ಇವ್ನಿ ಸ್ವಾಮೀ" ಎಂದು ಉತ್ತರ ಬಂತು.

ಇದ್ದೇನೆ ಎಂದಷ್ಟೇ, ಜೋರಾಗಿ ಅಲ್ಲ. ಹತ್ತಿರದಲ್ಲೇ ಇರುವವನು, ಕೂಗಿ ಹೇಳುವ ಅಗತ್ಯವೇನು ಎಂಬಂತೆ. ಲಕ್ಕಯ್ಯ ನಗುತ್ತಾ ಮೆಟ್ಟಿಲ ಕಡೆ ಕೈಮಾಡಿ, "ಬಾರಪ್ಪ, ಎಂಟ್ ವರ್ಸ ಎಲ್ಲೋಗಿದ್ದೆ?" ಎಂದ. ಯಾರೂ ಬರಲಿಲ್ಲ. ಅವನ ನಗು ಮುಖದಲ್ಲಿ ಹಾಗೇ ಉಳಿದುಕೊಂಡಿತು. ಅದನ್ನು ತೆಗೆಯಲು ಅವನಿಗೆ ತಿಳಿಯಲಿಲ್ಲ. ಆಮೇಲೆ ವಕೀಲರು, ಪೊಲೀಸು, ಕಕ್ಷಿದಾರರು ಎಲ್ಲರೂ ಹುಡುಕಿದರು. ಹೂವಿನ ಕುಂಡಗಳ ಹಿಂದೆಯೂ ನೋಡಿದರು, ಅಷ್ಟು ಸಣ್ಣ ಜಾಗದಲ್ಲಿ ಯಾರನ್ನು ಹುಡುಕುತ್ತಿದ್ದರೋ. ಒಳಗೆ ವಿಶಾಲಮ್ಮ ಬೆಂಚಿನಿಂದ ಎದ್ದು, ಗಂಡ ಮನೆಗೆ ಬಂದಾಗ ಮಾಡುವ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದರಂತೆ. "ಬಂದ್ರು" ಎಂದಷ್ಟೇ ಹೇಳಿದರಂತೆ.

ನ್ಯಾಯಾಧೀಶರು ಹಾಳೆಯಲ್ಲಿ ಹೀಗೆ ಬರೆಸಿದ್ದಾರೆ: 'ಒಂದನೇ ಪ್ರತಿವಾದಿಯನ್ನು ಕೂಗಲಾಗಿ ಹೊರಗಿನಿಂದ ಉತ್ತರ ಬಂದಿದೆ. ವ್ಯಕ್ತಿ ಕಂಡುಬಂದಿಲ್ಲ.' ಫೆಬ್ರವರಿ ಹದಿನೆಂಟಕ್ಕೆ ಮುಂದೂಡಿದ್ದಾರೆ.

ಎದುರು ಪಾರ್ಟಿಯೇ ಇಲ್ಲದ ಕೇಸಿನಲ್ಲಿ ಎದುರು ಪಾರ್ಟಿಯನ್ನು ಹಾಜರುಪಡಿಸಿದ ಭಾರತದ ಏಕೈಕ ವಕೀಲ,
ಅಯಾಜ್


ಧಾರವಾಡ
1 ಫೆಬ್ರವರಿ 2025

ಲೋ ಅಯಾಜ್,

ಮಂಚಾಧೀಶ್ವರಿ ಅಂತೆ. ನಿನ್ನ ಲಕೋಟೆ ಬಿಚ್ಚುವಾಗ ವಾರ್ಡನ್ ಪಕ್ಕದಲ್ಲೇ ನಿಂತಿದ್ದರು. ಓದಿ ನಕ್ಕೆ. ಕೊನೆಗೆ ಬರುವಷ್ಟರಲ್ಲಿ ನಗು ನಿಂತುಹೋಗಿತ್ತು.

ಎರಡನೇ ವರ್ಷದಲ್ಲಿ ಸಭಾಂಗಣದ ಪರದೆ ಹಿಂದೆ ನಿಂತು ಪ್ರಿನ್ಸಿಪಾಲರ ದನಿಯಲ್ಲಿ 'ಇವತ್ತು ಕಾಲೇಜಿಗೆ ರಜೆ' ಎಂದವನು ಯಾರು? ಇಡೀ ಕಾಲೇಜು ಮನೆಗೆ ಹೋಗಿತ್ತು, ಪ್ರಿನ್ಸಿಪಾಲರೂ ಅರ್ಧ ದಾರಿ ಹೋಗಿದ್ದರು. ಈಗ ನಿನ್ನ ಕಾಗದದಲ್ಲಿ ನೀನೇ ಬರೆದುಕೊಂಡಿದ್ದೀಯ, ಕೂಗಿದ ಹೊತ್ತಿಗೆ ವರಾಂಡದ ಕೊನೆಯಲ್ಲಿದ್ದವನು ನೀನು ಎಂದು. ಬೇರೆ ಯಾರ ಹೆಸರೂ ಬರೆದಿಲ್ಲ. ನಾನು ನ್ಯಾಯಾಧೀಶೆಯಾಗಿದ್ದರೆ ನಿನ್ನನ್ನು ಅಲ್ಲೇ ಹಿಡಿದು ಕೂರಿಸುತ್ತಿದ್ದೆ.

ತಮಾಷೆಗೂ ಒಂದು ಮಿತಿ ಐತೆ ಕಣೋ. ಆ ಹೆಂಗಸು ಸೆರಗು ಎಳೆದುಕೊಂಡಳು ಎಂದು ಬರೆಯುವಾಗ ನಿನಗೆ ನಾಚಿಕೆಯಾಗಲಿಲ್ಲವಾ? ಹೋಗಿ ಹೇಳು. ಆ ಹುಡುಗಿಗೆ ಉಳಿದಿರುವುದು ಮೂರು ತಿಂಗಳು.

ಸ್ನೇಹಾ


ಸಕಲೇಶಪುರ
20 ಫೆಬ್ರವರಿ 2025

ಭಾವೀ ನ್ಯಾಯಮೂರ್ತಿಗಳಿಗೆ,

ಆರೋಪಿ ಆರೋಪವನ್ನು ನಿರಾಕರಿಸುತ್ತಾನೆ. ನಾನಲ್ಲ. ಬೇಕಾದರೆ ಅಮ್ಮಿಯ ಮೇಲೆ ಆಣೆ.

ಮಂಗಳವಾರ ಕೇಸು ಬಂತು. ವಿಶಾಲಮ್ಮ ಬರಲೇ ಇಲ್ಲ. ಲಕ್ಕಯ್ಯ ಕುಳ್ಳಯ್ಯನ ಹೆಸರು ಕೂಗಲು ಒಪ್ಪಲಿಲ್ಲ. ಬಾಗಿಲ ತನಕ ಹೋದವನು ವಾಪಸು ಬಂದು, "ಬೇರೆ ಯಾವ್ದಾರ ಕೇಸ್ ಕೂಗುಸ್ಕಳಿ ಸ್ವಾಮಿ. ಉತ್ರ ಬಂದಿರೋ ಹೆಸ್ರ ನಾ ಕೂಗಲ್ಲ. ಕರುದ್ರೆ ಬಂದೇ ಬರ್ತರೆ, ಬಂದೋರ್ನ ಎಲ್ಲಿ ಕೂರ್ಸನ?" ಎಂದ. ಮೂವತ್ತು ವರ್ಷದಲ್ಲಿ ಆತ ಇಲ್ಲವೆಂದದ್ದು ಇದೇ ಮೊದಲು. ಯಾರೂ ನಗಲಿಲ್ಲ. ನ್ಯಾಯಾಧೀಶರು ನನ್ನ ಕಡೆ ತಿರುಗಿ, ಮುಂದಿನ ತಾರೀಖಿಗೂ ವಾದಿ ಬರದಿದ್ದರೆ ದಾವೆ ವಜಾ ಎಂದರು. ಮುಂದಿನ ತಾರೀಖು ಏಪ್ರಿಲ್ ಎಂಟು. ಆಮೇಲೆ ಬೇಸಿಗೆ ರಜೆ.

ನಿನ್ನೆ ಅಬ್ಬಾನ ಜೀಪು ತೆಗೆದುಕೊಂಡು ವನಗೂರು ದಾಟಿ ಬಿಸಿಲೆಗೆ ಹೋದೆ. ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಒಣಗಲು ಹಾಕಿದ್ದಾರೆ. ವಿಶಾಲಮ್ಮನ ಮನೆ ಕಾಡಿನ ಬೇಲಿಗೆ ಅಂಟಿಕೊಂಡಿದೆ. ಹಿತ್ತಿಲು ಮುಗಿಯುವಲ್ಲಿ ಬೇಲಿ, ಬೇಲಿ ಮುಗಿಯುವಲ್ಲಿ ಕಾಡು. ಒಲೆಯ ಪಕ್ಕದಲ್ಲಿ ಎರಡು ತಟ್ಟೆ ಹಾಕಿದ್ದರು. ವಾಣಿ ಎಸ್ಟೇಟಿಗೆ ಊಟ ಕಟ್ಟಿಕೊಂಡು ಹೋಗುತ್ತಾಳೆ, ಎರಡನೆಯದು ಅವಳದಲ್ಲ. ನಿನ್ನೆ ನಾನು ಬರುವೆನೆಂದು ಕೆಲಸ ಬಿಟ್ಟು ಮನೆಯಲ್ಲಿದ್ದಳು, ಆದರೂ ಆ ತಟ್ಟೆ ಮುಟ್ಟಲಿಲ್ಲ.

"ಬದುಕಿರೋ ಗಂಡನ್ನ ಸತ್ತ ಅಂತ ಬರುಸ್ಕೊಡು ಅಂತೀಯಲ್ಲ ಲಾಯರಪ್ಪ" ಎಂದರು ವಿಶಾಲಮ್ಮ. ಸಿಟ್ಟಿರಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಎಂಟ್ ವರ್ಸ ತಣ್ಣಗಿದ್ರು. ನಾನು ಹೆಬ್ಬೆಟ್ಟು ಒತ್ತಿದ್ದು ಕೇಳುಸ್ಬುಡ್ತು. ಅದ್ಕೇ ಬಂದವ್ರೆ."

ಪಕ್ಕದಲ್ಲಿದ್ದವರು ಯಾರಾದರೂ ಸದ್ದು ಮಾಡಿರಬಹುದು ಎಂದೆ. ಅವರು ತಲೆಯಾಡಿಸಿದರು. ವಾಚರುಗಳು ಕಾಡಿನಲ್ಲಿ ಗಂಟಲೆತ್ತಿ ಓಗೊಡುವುದಿಲ್ಲವಂತೆ. ಜೊತೆಯವನು ಕರೆದರೆ ಮೂರನೇ ಕರೆಗೇ ಓಗೊಡುವುದು, ಅದೂ ಮೆಲ್ಲಗೆ. ಮೊದಲೆರಡು ಕರೆ ಯಾರದೆಂದು ಹೇಳಲಾಗದಂತೆ.

ನಡುಹಗಲು. ಅವರು ಎದ್ದು ಬೇಲಿಯ ಹತ್ತಿರ ಹೋಗಿ, ಕಾಡಿಗೆ ಮುಖ ಮಾಡಿ, "ವಾಣಿ ಅಪ್ಪಾ" ಎಂದು ಕರೆದರು. ದಿನಾ ಕರೆಯುತ್ತಾರಂತೆ. ಮೂರು ಸಲ. ಮೊದಲ ಕರೆಗೆ ಜೀರುಂಡೆ ಚೀರುತ್ತಿದ್ದವು. ಎರಡನೆಯದಕ್ಕೂ. ಮೂರನೆಯದಕ್ಕೆ ಎಲ್ಲವೂ ಒಟ್ಟಿಗೆ ನಿಂತವು ಸ್ನೇಹಾ. ಯಾರೋ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿರುವ ಹಾಗೆ. ಉತ್ತರ ಬರಲಿಲ್ಲ. ನಿನಗೆ ಸುಳ್ಳು ಹೇಳುವುದಿಲ್ಲ, ಉತ್ತರ ಬರಲಿಲ್ಲ.

ವಾಣಿ ನನ್ನನ್ನು ಜೀಪಿನ ತನಕ ಬಿಡಲು ಬಂದಳು. "ಸಾರ್, ಕೆಲ್ಸ ಹೋದ್ರೆ ಹೋಗ್ಲಿ ಅಂತ ನಂಗೂ ಒಂದೊಂದ್ಸಲ ಅನ್ಸುತ್ತೆ. ಆದ್ರೆ ಅಮ್ಮ ಹಿಂಗೇ ಕರೀತಾ ಇದ್ರೆ ಒಂದಿನ ಬೇಲಿ ದಾಟ್ಬುಡ್ತಾಳೆ. ಮೊನ್ನೆ ಒಂದು ಕಾಲು ಆಚೆಗೆ ಇಟ್ಟಿದ್ಲು" ಎಂದಳು. ಜೀಪಿನ ಬಾಗಿಲು ಹಿಡಿದುಕೊಂಡು, "ಉತ್ರ ಬರಲ್ಲ ಅಂತ ನಂಗೆ ದುಃಖ ಇಲ್ಲ ಸಾರ್. ಬಂದ್ಬುಟ್ರೆ ಅಂತ ಭಯ" ಎಂದಳು.

ಏನು ಮಾಡಲಿ, ಹೇಳು.

ಅಯಾಜ್


ಧಾರವಾಡ
2 ಮಾರ್ಚ್ 2025

ಅಯಾಜ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಬಿರುದಿಲ್ಲ, ಬಾವಲಿಯಿಲ್ಲ. ಅದನ್ನು ನೋಡಿಯೇ ನನಗೆ ಅರ್ಥವಾಯಿತು. ನಿನ್ನ ಮನಸ್ಸಿನ ಮೇಲೆ ಏನೋ ಕೂತಿದೆ, ಅದು ಏನೆಂದು ನಿನಗೇ ಗೊತ್ತಾಗಿಲ್ಲ.

ನೀನು ಬೇಕೆಂದು ಮಾಡಿಲ್ಲ. ಹಿಂದೆ ಬೈದದ್ದಕ್ಕೆ ಕ್ಷಮಿಸು. ಆದರೆ ಯೋಚಿಸು. ದಿನಕ್ಕೆ ಐವತ್ತು ಹೆಸರಿಗೆ 'ಹಾಜರ್' ಎನ್ನುವ ಬಾಯಿ ಅದು. ದೀಪಾವಳಿ ರಜೆಯಲ್ಲಿ ಹಾಸನದ ಬಸ್ಸಿನಲ್ಲಿ ಕಂಡಕ್ಟರು 'ಟಿಕೆಟ್ ಯಾರ್ರೀ' ಎಂದಾಗ ನಿದ್ದೆಗಣ್ಣಲ್ಲಿ 'ಹಾಜರ್ ಸರ್, ಸೀನಿಯರ್ ಬರ್ತಿದಾರೆ' ಎಂದವನು ನೀನೇ ತಾನೆ? ಇಡೀ ಬಸ್ಸು ನಕ್ಕಿತ್ತು. ಅವತ್ತೂ ಹಾಗೇ ಆಗಿದೆ. ಯಾವುದೋ ಯೋಚನೆಯಲ್ಲಿದ್ದೆ, ನಿನ್ನ ಕೇಸಿನ ಹೆಸರು ಕೂಗಿದರು, ಬಾಯಿ ತಾನೇ ಉತ್ತರ ಕೊಟ್ಟಿತು. ಕಕ್ಷಿದಾರರ ದನಿಯಲ್ಲಿ ಮಾತಾಡುವ ಚಟ ಬೇರೆ ನಿನಗಿದೆ. ಗಾಬರಿಯಲ್ಲಿ ಅದು ನಿನಗೆ ಹೊರಗಿನಿಂದ ಬಂದ ಹಾಗೆ ಕೇಳಿಸಿದೆ.

ಇದು ಬಿಟ್ಟರೆ ಇನ್ನೊಂದೇ ಉಳಿಯುತ್ತದೆ. ಅದನ್ನು ನಾನು ಬರೆಯುವುದಿಲ್ಲ.

ನೀನೇ ಎಂದು ಒಪ್ಪಿಕೊಂಡರೆ ಆ ಹೆಂಗಸು ಬೇಲಿಯ ಹತ್ತಿರ ಹೋಗುವುದನ್ನು ಬಿಡುತ್ತಾಳೆ. ವಾಣಿಗೆ ಕೆಲಸ ಸಿಗುತ್ತದೆ. ಒಪ್ಪದಿದ್ದರೆ? ಸರಿಯಾಗಿ ಜ್ಞಾಪಿಸಿಕೊಂಡು ಬರೆ.

ಸ್ನೇಹಾ


ಸಕಲೇಶಪುರ
10 ಮಾರ್ಚ್ 2025

ಸ್ನೇಹಾ,

ಹೌದು. ನಾನೇ.

ನೀನು ಬರೆದ ಹಾಗೇ ಆಗಿದೆ. ಜ್ಞಾಪಿಸಿಕೊಂಡೆ. ಹೆಸರು ಕೇಳಿತು, ಬಾಯಿ ಉತ್ತರ ಕೊಟ್ಟಿತು. ಆಮೇಲೆ ಹೆದರಿಕೊಂಡು ನಿನಗೂ ಸುಳ್ಳು ಬರೆದೆ. ಆಣೆ ಇಟ್ಟದ್ದಕ್ಕೆ ಅಮ್ಮಿಯ ಕಾಲು ಹಿಡಿದುಕೊಂಡೆ. ಅವರು ಕಾರಣ ಕೇಳಲಿಲ್ಲ, ರೋಜಾ ಉಪವಾಸ ತಲೆಗೆ ಹತ್ತಿದೆ ಎಂದುಕೊಂಡಿರಬೇಕು.

ಇದನ್ನು ಕೋರ್ಟಿನಲ್ಲಿ ಹೇಗೆ ಹೇಳಬೇಕು? ಪ್ರಮಾಣಪತ್ರವೇ ಆಗಬೇಕಾ? ಪ್ರಮಾಣ ಮಾಡದೆ, ಸುಮ್ಮನೆ ಒಂದು ಹಾಳೆಯಲ್ಲಿ ಬರೆದುಕೊಟ್ಟರೆ ನಡೆಯುವುದಿಲ್ಲವಾ? ದೂರು ಬಾರ್ ಕೌನ್ಸಿಲಿಗೆ ಹೋದರೆ ಕೋಟು ಬಿಚ್ಚಿಸುತ್ತಾರಾ? ಅಬ್ಬಾ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ನಮ್ಮ ಮನೆಯಲ್ಲಿ ಸ್ಟೇರಿಂಗ್ ಹಿಡಿಯದ ಮೊದಲನೆಯವನು ಎಂದು.

ಒಂದು ಅನುಕೂಲವಿದೆ. ನಾನೇ ಮಾಡಿದೆ ಎಂದರೆ ಸಕಲೇಶಪುರದಲ್ಲಿ ಯಾರೂ ಸಾಕ್ಷಿ ಕೇಳುವುದಿಲ್ಲ.

ಅಯಾಜ್


ಧಾರವಾಡ
18 ಮಾರ್ಚ್ 2025

ಪ್ರೀತಿಯ ಅಯಾಜ್,

ನಿನ್ನ ಎರಡು ಪದಗಳನ್ನು ಓದಿ ನಾನು ಎಷ್ಟು ಹಗುರಾದೆ ಎಂದರೆ, ಅವತ್ತು ಮೆಸ್ಸಿನಲ್ಲಿ ಎರಡು ರೊಟ್ಟಿ ಹೆಚ್ಚು ತಿಂದೆ. ಈಗ ಹೇಳಬಹುದು. ನಿನ್ನ ಫೆಬ್ರವರಿಯ ಕಾಗದ ಬಂದಮೇಲೆ ಇಲ್ಲಿ ಸಂಜೆ ಹಾಜರಿ ಕೂಗುವಾಗ ನಾನು ಮೊದಲ ಸಲಕ್ಕೆ ಉತ್ತರ ಕೊಡುತ್ತಿರಲಿಲ್ಲ. ಮೂರನೇ ಸಲದ ತನಕ ಕಾಯುತ್ತಿದ್ದೆ. ವಾರ್ಡನ್ ಕಿವಿ ಪರೀಕ್ಷೆ ಮಾಡಿಸಿಕೊಳ್ಳಮ್ಮ ಎಂದರು. ನಗು, ಪರವಾಗಿಲ್ಲ.

ಪ್ರಮಾಣಪತ್ರ ಬೇಡ, ಒಂದು ಮೆಮೊ ಸಾಕು. ಕರಡು ಇದರ ಜೊತೆ ಇಟ್ಟಿದ್ದೇನೆ. 'ಅಭ್ಯಾಸಬಲದಿಂದ, ಯಾವ ದುರುದ್ದೇಶವೂ ಇಲ್ಲದೆ' ಎಂಬ ಮಾತು ಬಿಡಬೇಡ. ಮೊದಲು ಮಹೇಶ್ ಸರ್‌ಗೆ ಹೇಳು. ಅದಕ್ಕೂ ಮೊದಲು ವಿಶಾಲಮ್ಮನಿಗೆ. ಕೋರ್ಟಿನಲ್ಲಿ ಎಲ್ಲರ ಎದುರು ಅವರು ಅದನ್ನು ಕೇಳಬಾರದು.

ಕೋಟು ಬಿಚ್ಚಿಸಿದರೆ ಬಿಚ್ಚಿಸಲಿ. ನಿಜ ಹೇಳಿ ಕಳೆದುಕೊಂಡ ಕೋಟು ಅದು. ನಾನು ನ್ಯಾಯಾಧೀಶೆಯಾದ ದಿನ ಮೊದಲು ನೆನೆಯುವುದು ನಿನ್ನನ್ನೇ.

ಸ್ನೇಹಾ


ಸಕಲೇಶಪುರ
17 ಏಪ್ರಿಲ್ 2025

ಧಾರವಾಡದ ಧರ್ಮದೇವತೆ, ಮೆಮೊ ರಚನಾ ಚತುರೆ, ಎರಡು ರೊಟ್ಟಿ ಅಧಿಕ ಭಕ್ಷಿಸಿದ ಭಾವೀ ನ್ಯಾಯಮೂರ್ತಿಗಳ ಪಾದಾರವಿಂದಗಳಿಗೆ,

ಡಿಕ್ರಿ ಆಯಿತು. ನಿನ್ನೆ ವಾಣಿ ಪ್ರತಿಯನ್ನು ಇಲಾಖೆಗೆ ಕೊಟ್ಟು ಮೊಹರು ಹಾಕಿದ ರಸೀತಿ ತಂದಳು. ಕೆಲಸ ಗ್ಯಾರಂಟಿ ಎಂದರಂತೆ. ಇನ್ನು ಕ್ರಮವಾಗಿ ವಿಚಾರಣೆಯ ನಡಾವಳಿ.

ರಂಜಾನ್ ಹಬ್ಬ ಮುಗಿಸಿಕೊಂಡು ಬಿಸಿಲೆಗೆ ಹೋದೆ. ಹೂಮಳೆ ಬಿದ್ದು ಕಾಫಿ ಗಿಡಗಳೆಲ್ಲ ಬೆಳ್ಳಗಾಗಿದ್ದವು. ಆ ವಾಸನೆಗೆ ಜೀಪಿನೊಳಗೂ ತಲೆ ಸುತ್ತುತ್ತಿತ್ತು. ವಿಶಾಲಮ್ಮನ ಎದುರು ನೆಲದ ಮೇಲೆ ಕೂತು ಹೇಳಿದೆ. ಅಭ್ಯಾಸಬಲ, ದುರುದ್ದೇಶವಿಲ್ಲ, ಎಲ್ಲವನ್ನೂ. ಅವರು ಕೇಳಿಸಿಕೊಂಡು, "ಹಂಗಾದ್ರೆ ಅನ್ನು ಲಾಯರಪ್ಪ. ಬೇಲಿ ಹತ್ರ ನಿಂತ್ಕಂಡು ಅನ್ನು. ನಾನು ಒಳಗಿಂದ ಕರೀತೀನಿ" ಎಂದರು.

ಬೇಲಿಗೆ ಬೆನ್ನು ಕೊಟ್ಟು ನಿಂತೆ. ಒಳಗಿನಿಂದ ಅವರು ಮೂರು ಸಲ ಕರೆದರು. ಮೂರನೆಯದಕ್ಕೆ ನಾನು "ಇವ್ನಿ" ಎಂದೆ. ಕಾಲೇಜಿನಲ್ಲಿ ಎಷ್ಟೋ ಜನರ ದನಿ ಮಾಡಿದ್ದೇನೆ; ಬೆನ್ನ ಮೇಲೆ ಕೂದಲು ನಿಂತದ್ದು ಇದೇ ಮೊದಲು. ನನ್ನ ಹಿಂದೆ ಕಾಡಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಹಿಂತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.

ವಿಶಾಲಮ್ಮ ಹೊಸಿಲಿಗೆ ಬಂದು ನಿಂತರು. ಅವರು ನೋಡುತ್ತಿದ್ದುದು ನನ್ನನ್ನಲ್ಲ, ಅಂಗಳದಲ್ಲಿ ಎಸ್ಟೇಟಿನ ಬಟ್ಟೆಯಲ್ಲೇ ನಿಂತಿದ್ದ ವಾಣಿಯನ್ನು. ಅವಳ ಕೈಯೆಲ್ಲ ಗೀರು. ಆಮೇಲೆ, "ಊಂ. ಇದೇ" ಎಂದರು. ಒಳಗೆ ಹೋಗಿ ಎರಡನೇ ತಟ್ಟೆಯನ್ನು ತೊಳೆದು ಬೋರಲು ಹಾಕಿದ ಸದ್ದು ಕೇಳಿಸಿತು.

ಏಪ್ರಿಲ್ ಎಂಟರಂದು ಮೆಮೊ ಸಲ್ಲಿಸಿದೆ. ನ್ಯಾಯಾಧೀಶರು ಓದಿದರು, ಕನ್ನಡಕ ತೆಗೆದರು, ಮತ್ತೊಮ್ಮೆ ಓದಿದರು. "ಏನ್ರೀ ಇದು? ನೀವು ವಾದಿ ಪರ ವಕೀಲರು. ಪ್ರತಿವಾದಿ ಹೆಸರಿಗೆ ಹಾಜರ್ ಅಂದ್ರಾ? ಅದೂ ಸತ್ತಿದಾನೆ ಅಂತ ನೀವೇ ಹೇಳ್ತಿರೋ ಪ್ರತಿವಾದಿ?" ಇಡೀ ಹಾಲ್ ಉಸಿರು ಬಿಟ್ಟಿತು, ಆಮೇಲೆ ನಕ್ಕಿತು. ನಗು ಅಷ್ಟು ಜೋರಾಗಿತ್ತೆಂದರೆ, ಎರಡೂವರೆ ತಿಂಗಳಿಂದ ಎಲ್ಲರೂ ಅದನ್ನು ಹಿಡಿದುಕೊಂಡೇ ಓಡಾಡುತ್ತಿದ್ದರು ಎನಿಸಿತು. ಮಹೇಶ್ ಸರ್ ಎದ್ದು, "ತಪ್ಪು ನನ್ನದು ಸ್ವಾಮಿ. ಹದಿನೇಳು ತಿಂಗಳಿಂದ ನಾನು ಇವನಿಗೆ ಕಲಿಸಿರೋದು ಅದೊಂದೇ ಮಾತು" ಎಂದರು. ನನಗೆ ಲಿಖಿತ ಎಚ್ಚರಿಕೆ, ಮೂರು ತಿಂಗಳು ಶನಿವಾರ ಉಚಿತ ಕಾನೂನು ನೆರವಿನ ಮೇಜಿನಲ್ಲಿ ಕೂರುವ ಶಿಕ್ಷೆ. ಕೋಟು ಉಳಿಯಿತು. ಹೆಸರು ಹೋಯಿತು, ವಕೀಲರ ಸಂಘದಲ್ಲಿ ಈಗ ನನ್ನನ್ನು ಕುಳ್ಳಯ್ಯ ಎಂದೇ ಕರೆಯುತ್ತಾರೆ.

ಮೆಮೊ ಓದಿದ ಮೇಲೆ ಲಕ್ಕಯ್ಯನಿಗೆ ಜೀವ ಬಂತು. "ಥೂ ನಿಮ್ಮ, ಸಾಬ್ರೇ! ಎರಡು ತಿಂಗ್ಳು ನಂಗೆ ನಿದ್ದೆ ಇಲ್ದಂಗೆ ಮಾಡ್ಬುಟ್ರಲ್ಲ ಮಾರಾಯ್ರೆ" ಎಂದು ಬೈದು, ಎದೆಯುಬ್ಬಿಸಿಕೊಂಡು ಬಾಗಿಲಿಗೆ ಹೋದ. ನನ್ನನ್ನು ನ್ಯಾಯಾಧೀಶರು ತಮ್ಮ ಕಣ್ಣೆದುರೇ ನಿಲ್ಲಿಸಿಕೊಂಡರು. ಮೂರು ಸಲ ಕೂಗಿದ. ಮೂರನೆಯದಾದ ಮೇಲೆ ಯಾರೂ ಹೇಳದೆ ಎಲ್ಲರೂ ಬಾಗಿಲ ಕಡೆ ತಿರುಗಿದರು. ಟೈಪಿಸ್ಟು ಕೈ ಎತ್ತಿ ಹಿಡಿದಿದ್ದಳು. ಉತ್ತರ ಬರಲಿಲ್ಲ. ಬಾಗಿಲಾಚೆ ಬಿಸಿಲಿತ್ತು. ಗೇಟು, ಮೆಟ್ಟಿಲು, ಎಲ್ಲವೂ ಕಾಣುತ್ತಿತ್ತು. ಖಾಲಿ.

ಆಮೇಲೆ ವಿಶಾಲಮ್ಮ ಕಟಕಟೆ ಹತ್ತಿದರು. ನಿಮ್ಮ ಗಂಡ ಎಲ್ಲಾದರೂ ಬದುಕಿದ್ದಾರೆಂದು ನಿಮಗೆ ಅನಿಸುತ್ತದೆಯೇ ಎಂದು ನ್ಯಾಯಾಧೀಶರು ಮೆಲ್ಲಗೆ ಕೇಳಿದರು. ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇಲ್ಲ ಸ್ವಾಮಿ" ಎಂದರು. ಮರುದಿನ ತೀರ್ಪು.

ನಿನ್ನೆ ರಸೀತಿ ತೋರಿಸಲು ಅಮ್ಮ ಮಗಳು ಇಬ್ಬರೂ ಆಫೀಸಿಗೆ ಬಂದಿದ್ದರು. ಹೊರಡುವಾಗ ವಿಶಾಲಮ್ಮ ಹಿಂದೆ ಉಳಿದು ನನ್ನ ತಲೆಯ ಮೇಲೆ ಕೈಯಿಟ್ಟರು. "ಬೇಲಿ ಹತ್ರ ಚೆನ್ನಾಗಿ ಅಂದೆ ಮಗಾ. ವಸಿ ಜೋರಾಯ್ತು. ಅವ್ರು ಅಷ್ಟು ಜೋರಾಗಿ ಅಂತಿರ್ನಿಲ್ಲ."

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಸತ್ಯಸಂಧ, ಸನ್ನಡತೆಯ, ಲಿಖಿತ ಎಚ್ಚರಿಕೆಯಿಂದ ಅಲಂಕೃತ,
ಅಯಾಜ್

ಹಾಳೆಯಲ್ಲಿ ಇನ್ನೂ ನಾಲ್ಕು ಸಾಲು ಜಾಗವಿದೆ, ಅದಕ್ಕೆ ಬರೆಯುತ್ತಿದ್ದೇನೆ. ಜನವರಿ ಇಪ್ಪತ್ತೊಂದರಂದು ನಾನು ಜೆರಾಕ್ಸಿಗೆ ಹೋಗಿರಲಿಲ್ಲ. ತಿಂಡಿ ತಿನ್ನದೆ ಬಂದಿದ್ದೆ, ಮಹೇಶ್ ಸರ್ ಕಣ್ಣಿಗೆ ಬೀಳಬಾರದೆಂದು ದಾಖಲೆ ಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಲಕ್ಕಯ್ಯ ಮೂರನೇ ಸಲ ಕೂಗಿದಾಗ ನನ್ನ ಬಾಯಲ್ಲಿ ಇಡೀ ಒಂದು ಬನ್ಸ್ ಇತ್ತು ಕಣೇ.